ಕಾಲರಿನ ಒಳಗಿನ ಗುರುತು

"ಪ್ರತಿವಾದಿಯು ಗೃಹಿಣಿ. ಆಕೆಗೆ ಯಾವುದೇ ಉದ್ಯೋಗವಾಗಲಿ, ಕಸುಬಾಗಲಿ ಇರುವುದಿಲ್ಲ."

ಗಂಡ ಹಾಕಿದ ವಿಚ್ಛೇದನದ ಅರ್ಜಿಯಲ್ಲಿ ಅಷ್ಟು ಓದಿ ವಕೀಲಮ್ಮ ತಲೆಯೆತ್ತಿದರು. ಎದುರಿಗೆ ಕುಳಿತಿದ್ದ ಲಾಂಡ್ರಿಯವಳ ಎರಡೂ ಕೈಗಳು ಮೇಜಿನ ಮೇಲಿದ್ದವು. ಒಗೆಯುವ ಸೋಡಾ ತಿಂದು ತಿಂದು ಬೆರಳ ತುದಿಗಳು ಸೀಳಿದ್ದವು. ಬಲ ಮೊಣಕೈ ಕೆಳಗೆ ಇಸ್ತ್ರಿ ಪೆಟ್ಟಿಗೆ ತಾಗಿದ ಮೂರು ಕಲೆಗಳು, ಒಂದರ ಕೆಳಗೊಂದು. ಉಗುರ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ. ಕಸುಬಿಲ್ಲದವಳ ಕೈಗಳು ಅವು.

"ಇನ್ನೊಂದ್ಸಲ ಓದಿ ಅಮ್ಮ," ಎಂದಳು.

ವಕೀಲಮ್ಮ ಓದಿದರು. ಅವಳಿಗೆ ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ. ಬೆಳಗ್ಗೆ ಹಂಡೆಗೆ ಬೆಂಕಿ ಹಾಕುವವಳು ಅವಳು. ಕುದಿಯುವ ನೀರಿನಿಂದ ಕೋಲಿನಲ್ಲಿ ಬಟ್ಟೆ ಎತ್ತುವವಳು ಅವಳು. ಒಗೆದು, ಹಿಂಡಿ, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಮನೆಮನೆಯ ಗಂಟು ಕಟ್ಟುವವಳು ಅವಳು. ಗಂಡ ಕೌಂಟರಿನಲ್ಲಿ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೂರುತ್ತಿದ್ದ. ಬಂದವರಿಗೆ ಬಿಲ್ಲು ಹರಿದುಕೊಡುತ್ತಿದ್ದ. ಅವನದು ಉದ್ಯೋಗ.

ಈ ವಕೀಲಮ್ಮ ಅವಳು ಹುಡುಕಿಕೊಂಡು ಹೋದ ಎರಡನೆಯ ವಕೀಲರು. ಮೊದಲು ಹೋದದ್ದು ದೊಡ್ಡ ಬೋರ್ಡಿನ ಒಬ್ಬ ವಕೀಲರ ಹತ್ತಿರ. ಬೆಂಚಿನ ಮೇಲೆ ಅರ್ಧ ದಿನ ಕೂರಿಸಿ, ಕೊನೆಗೆ ಒಳಗೆ ಕರೆದು, ಅವಳ ಹಿಂದೆ ಬಾಗಿಲ ಕಡೆ ಇಣುಕಿ ನೋಡಿ, "ಗಂಡಸರು ಯಾರೂ ಬಂದಿಲ್ವಾ?" ಎಂದು ಕೇಳಿದರು. ಇಲ್ಲ ಅಂದಳು. "ಫೀಸಿನ ಮಾತು ಯಾರ ಹತ್ರ ಆಡಲಿ?" ಅಂದರು. ನನ್ನ ಹತ್ರ ಆಡಿ ಅಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೊಂದಿಕೊಂಡು ಹೋಗಮ್ಮ, ಗಂಡಸರು ಅಂದ್ಮೇಲೆ ಒಂದೆರಡು ತಪ್ಪು ಇದ್ದದ್ದೇ," ಎಂದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಕೂರಿಸಿ, ಇವಳನ್ನು ಒಂದು ಕೈಚೀಲದ ಜೊತೆ ಬೀದಿಗೆ ನೂಕಿದ್ದು ಒಂದೋ ಎರಡೋ ಎಂದು ಅವಳು ಕೇಳಲಿಲ್ಲ. ಎದ್ದು ಬಂದಳು.

ಈ ವಕೀಲಮ್ಮನ ಆಫೀಸು ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಒಂದೇ ಕೋಣೆ. ಫೈಲುಗಳು ನೆಲದ ಮೇಲೆ. ಬಾಯಿ ಮಾತ್ರ ಖಡಕ್ಕು. ಫೀಸು ಇಷ್ಟು, ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡು, ಸುಳ್ಳು ಹೇಳಿದರೆ ಕೇಸು ಬಿಟ್ಟುಬಿಡುತ್ತೇನೆ ಎಂದು ಮೊದಲೇ ಹೇಳಿದ್ದರು.

"ನೋಡು, ನೆಟ್ಟಗೆ ಹೇಳ್ತೀನಿ. ಮದುವೆ ಆದ ಮಾತ್ರಕ್ಕೆ ಗಂಡನ ಆಸ್ತೀಲಿ ಅರ್ಧ ಬಂದುಬಿಡುತ್ತೆ ಅಂತ ನಮ್ಮ ಕಾನೂನಲ್ಲಿ ಇಲ್ಲ. ಕಾಗದ ಯಾರ ಹೆಸರಲ್ಲಿದೆಯೋ ಆಸ್ತಿ ಅವರದ್ದು. ಅಂಗಡಿ ಯಾರ ಹೆಸರಲ್ಲಿದೆ?"

"ಅವರ ಹೆಸರಲ್ಲಿ."

"ಮನೆ?"

"ಅದೂ ಅವರದ್ದೇ."

"ನಿನ್ನ ಹೆಸರಲ್ಲಿ ಏನಿದೆ?"

ಅವಳು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ಅವಳ ಹೆಸರಿನಲ್ಲಿದ್ದದ್ದು ಆಸ್ಪತ್ರೆಯ ಒಂದು ಚೀಟಿ ಮಾತ್ರ. ಕೈ ಸುಟ್ಟುಕೊಂಡಾಗ ಬರೆದುಕೊಟ್ಟದ್ದು.

"ನೀನು ಜೀವನಾಂಶ ಕೇಳಬಹುದು," ಎಂದರು ವಕೀಲಮ್ಮ. "ತಿಂಗಳಿಗೆ ಇಷ್ಟು ಅಂತ."

"ಭಿಕ್ಷೆ ಬೇಡಮ್ಮ ನಂಗೆ. ಅರ್ಧ ಅಂಗಡಿ ಬೇಕು."

"ಜೀವನಾಂಶ ಭಿಕ್ಷೆ ಅಲ್ಲ, ಹಕ್ಕು. ಅದನ್ನೂ ಕೇಳೋಣ. ಅಂಗಡಿ ವಿಷಯ ಬೇರೆ. ಅದನ್ನ ಕಟ್ಟಿದ್ದರಲ್ಲಿ ನಿನ್ನ ದುಡಿಮೆಯೂ ಇದೆ ಅಂತ ತೋರಿಸಿದ್ರೆ ಪಾಲು ಕೇಳೋಕೆ ಒಂದು ದಾರಿ ಇದೆ. ಕಷ್ಟದ ದಾರಿ, ಆದ್ರೂ ದಾರಿ. ಅದಕ್ಕೇ ನೋಡು, ಜಾಣರು, ಈ ಒಂದು ಸಾಲು ಬರೆದಿರೋದು. ಕಸುಬಿಲ್ಲ ಅಂದ್ರೆ ದುಡಿಮೆ ಇಲ್ಲ. ದುಡಿಮೆ ಇಲ್ಲ ಅಂದ್ರೆ ಪಾಲಿನ ಮಾತೇ ಇಲ್ಲ. ಸಂಬಳದ ಚೀಟಿ ಏನಾದ್ರೂ ಇದೆಯಾ?"

"ಹೆಂಡ್ತಿಗೆ ಯಾರು ಸಂಬಳ ಕೊಡ್ತಾರಮ್ಮ?"

"ಅಂಗಡಿಗೆ ಬ್ಯಾಂಕ್ ಸಾಲ ತಗೊಂಡಿದ್ರಲ್ಲ. ಅವಾಗ ನೀನೆಲ್ಲಾದ್ರೂ ಸಹಿ ಹಾಕಿದ್ಯಾ?"

ಹಾಕಿದ್ದಳು. ಅವಳಿಗೆ ಚೆನ್ನಾಗಿ ನೆನಪಿತ್ತು. ಬ್ಯಾಂಕಿನವನು ಗಟ್ಟಿಯಾಗಿ ಓದಿ ಹೇಳಿದ್ದ: ಗಂಡ ಹೆಂಡತಿ ಇಬ್ಬರೂ ಸೇರಿ ಲಾಂಡ್ರಿ ನಡೆಸುತ್ತಿದ್ದೇವೆ, ಇಬ್ಬರ ದುಡಿಮೆಯಿಂದ ಸಾಲ ತೀರಿಸುತ್ತೇವೆ. ಕೆಳಗೆ ಇಬ್ಬರ ಸಹಿ. ಅವಳದು ಬಲಕ್ಕೆ ವಾಲಿಕೊಂಡ ಸಹಿ.

ವಕೀಲಮ್ಮ ಕುರ್ಚಿಯ ತುದಿಗೆ ಬಂದರು. "ಆ ಕಾಗದ ಈಗ ಎಲ್ಲಿದೆ?"

ಅವಳು ಮೇಜಿನ ಮೇಲಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

ಆ ಕಾಗದ ನಾಲ್ಕು ತಿಂಗಳ ಹಿಂದೆ ಅವಳ ಕೈಯಲ್ಲೇ ಇತ್ತು. ಗಂಡನ ಪ್ಯಾಂಟನ್ನು ಸೋಡಾ ನೀರಿಗೆ ಅದ್ದುವ ಮೊದಲು ಎಂದಿನಂತೆ ಜೇಬು ತಡಕಿದಳು. ಮಡಿಸಿದ ಹಳೆಯ ಕಾಗದ ಸಿಕ್ಕಿತು, ಅಂಚು ಆಗಲೇ ಒದ್ದೆಯಾಗಿತ್ತು. ಬಿಡಿಸಿ ತೆಳು ಬಟ್ಟೆಯ ಕೆಳಗಿಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದಳು. ಆಗಲೇ ಅವಳಿಗೆ ಕೆಳಗಿನ ಸಹಿ ಕಂಡಿತು. ತನ್ನದೇ ಸಹಿ. ಅದರ ಮೇಲಿನ ಸಾಲುಗಳನ್ನು ಅವಳು ಓದಲಿಲ್ಲ.

ಓದದೆ ಇದ್ದದ್ದಕ್ಕೆ ಕಾರಣವಿತ್ತು. ಅವಳಿಗೆ ಕಸುಬು ಕಲಿಸಿದ್ದು ಅತ್ತೆ. ಅತ್ತೆ ಈಗಿಲ್ಲ. ಆಕೆ ಮೊದಲ ದಿನವೇ ಹೇಳಿಕೊಟ್ಟದ್ದು ಸೋಡಾದ ಅಳತೆಯನ್ನಲ್ಲ, ಜೇಬಿನ ನೇಮವನ್ನು. "ಜೇಬಲ್ಲಿ ಸಿಕ್ಕಿದ್ದು ಜೇಬಿನವರದ್ದು ಕಣೇ. ಕಾಗದ ಸಿಕ್ಕಿದ್ರೆ ಓದಬಾರದು, ಒಣಗಿಸಿ ಹಿಂದಕ್ಕೆ ಕೊಡಬೇಕು. ಊರಿನ ಗುಟ್ಟೆಲ್ಲ ನಮ್ಮ ತೊಟ್ಟೀಲಿ ನೆನೆಯುತ್ತೆ. ನಾವು ಬಾಯಿಬಿಟ್ರೆ ಅಂಗಡಿ ಮುಚ್ಚಿದ ಹಾಗೆ." ಇಪ್ಪತ್ತೆರಡು ವರ್ಷದಲ್ಲಿ ಪ್ರೇಮಪತ್ರ, ರಾಜೀನಾಮೆ ಪತ್ರ, ಒಮ್ಮೆ ಒಬ್ಬರ ಕಾಯಿಲೆಯ ವರದಿ, ಯಾವುದನ್ನೂ ಅವಳು ಓದಿರಲಿಲ್ಲ. ಗಂಡನ ಜೇಬೂ ಜೇಬೇ.

"ಇಸ್ತ್ರಿ ಮಾಡಿ ಅವರ ಕೈಗೆ ಕೊಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದ್ರು. 'ಹಳೇದು, ಒಲೆಗೆ ಹಾಕು' ಅಂದ್ರು."

"ಹಾಕಿದ್ಯಾ?"

"ಹಂಡೆ ಒಲೆಗೆ ಹಾಕಿದೆ."

ವಕೀಲಮ್ಮ ತಲೆ ಚಚ್ಚಿಕೊಂಡರು. "ಇಸ್ತ್ರಿ ಮಾಡಿ ಸುಟ್ಟೆಯಲ್ಲೇ ತಾಯಿ! ಸುಕ್ಕು ಇರಬಾರದು ಅಂತಲಾ?" ಆಮೇಲೆ ಬ್ಯಾಂಕಿಗೆ ಫೋನು ಮಾಡಿದರು. ಸಾಲ ತೀರಿದ ಮೇಲೆ ಕಾಗದ ಸಾಲಗಾರರಿಗೆ ವಾಪಸ್ಸು ಕೊಟ್ಟಿದ್ದೇವೆ, ಅಷ್ಟು ಹಳೆಯ ದಾಖಲೆ ನಮ್ಮಲ್ಲಿ ಉಳಿದಿಲ್ಲ ಎಂದು ಉತ್ತರ ಬಂತು. ಅವನು ಕೇಸು ಹಾಕುವ ಮೊದಲೇ ಹೋಗಿ ಕಾಗದ ಬಿಡಿಸಿಕೊಂಡು ಬಂದಿದ್ದ. ಇವಳ ಕೈಯಲ್ಲೇ ಸುಡಿಸಿದ್ದ.

ಅವಳು ಮೆಟ್ಟಿಲಿಳಿದು ಬಂದಳು. ನಾನೇ ಹಾಕಿದೆ, ನಾನೇ ಹಾಕಿದೆ ಎಂದುಕೊಳ್ಳುತ್ತ ನಡೆದಳು. ಕಾಲು ಎಲ್ಲಿಗೆ ಹೋದವು? ಅಂಗಡಿಗೆ. ಮನೆಯಿಂದ ಹೊರಗೆ ಹಾಕಿಸಿಕೊಂಡು ತಂಗಿಯ ಒಂದು ಕೋಣೆಯ ಮನೆಯಲ್ಲಿ ಮಲಗುತ್ತಿದ್ದವಳು, ಆಗಲೂ ಬೆಳಗಾದರೆ ಅದೇ ಅಂಗಡಿಯ ಹಿತ್ತಲ ಬಾಗಿಲಿನಿಂದ ಹೋಗಿ ಒಗೆಯುತ್ತಿದ್ದಳು, ವಿಂಗಡಿಸುತ್ತಿದ್ದಳು. ತಂಗಿ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವವಳು, ಬಾಯಿಗೆ ಬೀಗ ಇಲ್ಲದವಳು. "ನಿಂಗೆ ನಾಚ್ಕೆ ಆಗಲ್ವಾ? ಕತ್ತು ಹಿಡಿದು ದಬ್ಬಿದವನ ಚಡ್ಡಿ ಒಗೀತೀಯಲ್ಲ!" ಎಂದು ದಿನಾ ಉಗಿಯುತ್ತಿದ್ದಳು.

"ಜನರ ಬಟ್ಟೆ ಏನು ತಪ್ಪು ಮಾಡಿದಾವೆ?" ಎನ್ನುತ್ತಿದ್ದಳು ಇವಳು.

ಅದು ನಿಜ. ಬಟ್ಟೆಗಳ ಗುರುತು ಅವಳಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯ ನರ್ಸುಗಳದು ಬಿಳಿ, ಶಾಲೆಯವರದು ಬಿಳಿ, ಹೋಟೆಲಿನವರದು ಬಿಳಿ, ಎಲ್ಲ ಒಂದೇ ಹಂಡೆಯಲ್ಲಿ ಕುದಿಯುವಂಥವು. ಯಾವುದು ಯಾರದು ಎಂದು ಹೇಳುವುದು ಕಾಲರಿನ ಒಳಗೆ, ಸೊಂಟಪಟ್ಟಿಯ ಒಳಗೆ, ಮಾಸದ ಶಾಯಿಯಲ್ಲಿ ಹಾಕಿದ ಒಂದು ಸಣ್ಣ ಗುರುತು. ನರ್ಸಮ್ಮನಿಗೆ ಅಡ್ಡಗೆರೆಯ ಮೇಲೆ ಎರಡು ಚುಕ್ಕೆ. ಹೆಡ್‌ಮೇಷ್ಟರಿಗೆ ಬಾಗಿಲಿಲ್ಲದ ಮನೆಯ ಚಿತ್ರ. ಅಡಿಗೆಯವನಿಗೆ ಕೊಕ್ಕೆ. ಹೀಗೆ ನಾನ್ನೂರು ಮನೆ. ಯಾವುದನ್ನೂ ಬರೆದಿಟ್ಟಿರಲಿಲ್ಲ. ಅತ್ತೆಯೂ ಬರೆದಿಟ್ಟವಳಲ್ಲ. ಗಂಡನಿಗೆ ಅತ್ತೆ ಕಲಿಸಲು ಹೋದಾಗ ಅವನು ಮೂಗು ಮುರಿದು, "ಚುಕ್ಕೆ ಎಣಿಸೋದು ಹೆಂಗಸರ ಕೆಲಸ," ಅಂದಿದ್ದನಂತೆ.

ಸಂಧಾನಕ್ಕೆ ಕರೆ ಬಂತು. ಕೋರ್ಟಿನ ಹಿಂದಿನ ಕಟ್ಟಡದಲ್ಲಿ ಒಂದು ಕೊಠಡಿ. ಉದ್ದ ಮೇಜು, ನೀರಿನ ಜಗ್ಗು, ಕಿರುಗುಟ್ಟುವ ಫ್ಯಾನು. ತಲೆಕಡೆ ಸಂಧಾನದ ಹಿರಿಯರು ಕುಳಿತಿದ್ದರು. ಈಚೆ ಅವಳು, ವಕೀಲಮ್ಮ. ಆಚೆ ಗಂಡ, ಅವನ ವಕೀಲ. ಗಂಡನ ಅಂಗಿ ಗರಿಗರಿಯಾಗಿತ್ತು. ಅದನ್ನು ಇಸ್ತ್ರಿ ಮಾಡಿದವಳು ಅವಳೇ, ಹಿಂದಿನ ದಿನ, ಕೈ ತಾನಾಗಿಯೇ ಮಾಡಿಬಿಟ್ಟಿತ್ತು. ಈಗ ನೋಡಿ ಕಿತ್ತು ಹಾಕಬೇಕೆನಿಸಿತು.

ಗಂಡನ ವಕೀಲ ಕರಿಕೋಟಿನ ಗುಂಡಿ ಹಾಕಿಕೊಂಡು ಗಂಟಲು ಸರಿಮಾಡಿಕೊಂಡ.

"ಅಂಗಡಿ ಪೂರ್ತಿ ನಮ್ಮ ಕಕ್ಷಿದಾರರ ಸ್ವಂತ ದುಡಿಮೆ ಸಾರ್. ಈಯಮ್ಮ ಮನೇಲಿದ್ದವರು. ಯಾವಾಗಲಾದ್ರೂ ಒಂದು ಬಟ್ಟೆ ಮಡಚಿಕೊಟ್ಟಿರಬಹುದು. ಹೆಂಡತಿ ಅಂದ್ಮೇಲೆ ಅಷ್ಟು ಮಾಡ್ತಾರೆ, ಅದಕ್ಕೆಲ್ಲ ಆಸ್ತಿ ಬರೆದುಕೊಡೋಕಾಗುತ್ತಾ? ಆದ್ರೂ ನಮ್ಮವರು ದೊಡ್ಡ ಮನಸ್ಸು ಮಾಡಿದ್ದಾರೆ. ಈಯಮ್ಮ ಪಾಲಿನ ಮಾತು ಬಿಟ್ರೆ ಅಂಗಡೀಲಿ ದಿನಗೂಲಿಗೆ ಇಟ್ಕೊಳ್ತಾರೆ."

"ಕಸುಬೇ ಗೊತ್ತಿಲ್ಲದವರಿಗೆ ಕೂಲಿ ಯಾಕೆ ಕೊಡ್ತೀರಿ ಸ್ವಾಮಿ?" ಎಂದರು ವಕೀಲಮ್ಮ.

"ಕರುಣೆ ಮೇಡಂ, ಕರುಣೆ."

ಗಂಡ ತಲೆಯಾಡಿಸಿದ. ಕರುಣೆಯ ಮುಖ ಮಾಡಿಕೊಂಡು ಕುಳಿತಿದ್ದ ಬೇರೆ.

ಅವಳು ಎದ್ದು ನಿಂತಳು. ವಕೀಲಮ್ಮ ಕೈ ಹಿಡಿದರು, ಬಿಡಿಸಿಕೊಂಡಳು. ಮೇಜು ಸುತ್ತಿಕೊಂಡು ಹೋಗಿ ಗಂಡನ ವಕೀಲನ ಹಿಂದೆ ನಿಂತಳು. ಎರಡು ಬೆರಳಿನಿಂದ ಅವನ ಕೋಟಿನ ಕಾಲರನ್ನು ಮಗುಚಿದಳು. "ನೋಡಿ ಸಾರ್, ಇಲ್ಲಿದೆ ನನ್ನ ಕಸುಬು. ಮೂರು ಚುಕ್ಕೆ, ಒಂದು ಗೀಟು. ಹನ್ನೊಂದು ವರ್ಷದ ಹಿಂದೆ..."

"ಏಯ್! ಮುಟ್ಟಬೇಡ!"

ಅವನು ಹಾರಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅವಳ ಕೈಯನ್ನು ಹೊಡೆದು ತಳ್ಳಿದ. ಜೇಬಿನಿಂದ ಕರವಸ್ತ್ರ ತೆಗೆದು, ಅವಳ ಬೆರಳು ತಾಗಿದ ಜಾಗವನ್ನು, ಕುತ್ತಿಗೆಯನ್ನು, ಒರೆಸಿಕೊಂಡ. ಒಂದು ಸಲವಲ್ಲ, ಎರಡು ಸಲ. ಆ ಕರವಸ್ತ್ರವನ್ನೂ ಹಿಂದಿನ ವಾರ ಅವಳೇ ಒಗೆದಿದ್ದಳು.

"ಎಲ್ಲಿ ಬೇಕಾದ್ರೂ ಕೈ ಹಾಕ್ತೀಯಾ? ಏನಂದ್ಕೊಂಡಿದ್ದೀಯ? ಗಲೀಜು ಕೈಯಲ್ಲಿ!"

"ಹನ್ನೊಂದು ವರ್ಷದಿಂದ ನಿಮ್ಮ ಕುತ್ತಿಗೆ ಕೊಳೆ ಉಜ್ಜಿದ್ದೀನಿ," ಎಂದಳು ಅವಳು. "ಅವಾಗ ಮುಟ್ಟಬಹುದಿತ್ತಾ?"

ಸಂಧಾನದ ಹಿರಿಯರು ಮೇಜು ತಟ್ಟಿದರು. "ಕೂತ್ಕೋಮ್ಮ, ಕೂತ್ಕೋ. ಗುರುತು ಎಲ್ಲ ಲಾಂಡ್ರೀಲೂ ಹಾಕ್ತಾರೆ. ಇದನ್ನ ನೀನೇ ಹಾಕಿದ್ದು ಅನ್ನೋದಕ್ಕೆ ಏನಿದೆ?"

ಅವಳು ಗಂಡನ ಕಡೆ ನೋಡಿದಳು. ಅವನಿಗೆ ಗೊತ್ತಿತ್ತಲ್ಲ. ಮಗು ಹೊಟ್ಟೆಯಲ್ಲೇ ಹೋದ ವಾರವೂ ಗೋಡೆಗೆ ಒರಗಿ ಕುಳಿತು ಗುರುತು ನೋಡಿ ಬಟ್ಟೆ ವಿಂಗಡಿಸಿದ್ದು ಅವನ ಎದುರಿಗೇ. ಅಷ್ಟೊಂದು ಸುಳ್ಳು ಹೇಳಿದವನು ಇದೊಂದನ್ನು ಹೇಳಲಾರ ಅಂದುಕೊಂಡಳು.

"ಗುರುತು ಹಾಕೋನು ನಾನು ಸಾರ್," ಎಂದ ಗಂಡ. "ಮೊದಲಿಂದಲೂ ನಾನೇ."

ಅವಳು ನಿಧಾನವಾಗಿ ತನ್ನ ಜಾಗಕ್ಕೆ ಬಂದು ಕೈಚೀಲ ಎತ್ತಿಕೊಂಡಳು. ಇಪ್ಪತ್ತೆರಡು ವರ್ಷ ಗಂಡನನ್ನು 'ನೀವು' ಅಂದವಳು ಆವತ್ತು ಅವನ ಮುಖಕ್ಕೇ ಹೇಳಿದಳು:

"ಸರಿ. ಗುರುತು ನಿಂದೇ. ನಾಳೆಯಿಂದ ನೀನೇ ನೋಡ್ಕೋ."

ಹೊರಗೆ ಬಂದ ಮೇಲೆ ವಕೀಲಮ್ಮ ಬೈದರು. ಎದುರು ವಕೀಲನ ಮೈಮೇಲೆ ಕೈ ಹಾಕುವುದು ಯಾವ ಊರಿನ ಬುದ್ಧಿ ಎಂದರು. ಆಮೇಲೆ ಅವಳ ಕೈ ಹಿಡಿದು, ಹೊಡೆದ ಜಾಗ ಕೆಂಪಾದದ್ದನ್ನು ನೋಡಿದರು. "ಇನ್ಮೇಲೆ ಅವನು ಬಂದ್ರೆ ಬಾಯಿಮಾತು ಬೇಡ. ಏನಿದ್ರೂ ಬರೆದುಕೊಡು ಅನ್ನು. ಅಷ್ಟೇ," ಎಂದರು.

ಮರುದಿನ ಅವಳು ಅಂಗಡಿಗೆ ಹೋಗಲಿಲ್ಲ. ಎಚ್ಚರ ಮಾತ್ರ ಹಂಡೆಗೆ ಬೆಂಕಿ ಹಾಕುವ ಹೊತ್ತಿಗೇ ಆಯಿತು. ಎದ್ದು ಕುಳಿತಳು. ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಂಗಿಯ ಮನೆಯ ನೆಲ ಎರಡು ಸಲ ಒರೆಸಿದಳು.

ಗಂಡ ಒಗೆಯಲು ಕೂಲಿಗೆ ಇಬ್ಬರನ್ನು ಕರೆತಂದ. ಅವರು ಒಗೆದರು. ಒಣಗಿಸಿದರು. ಇಸ್ತ್ರಿಯೂ ಆಯಿತು. ಆಮೇಲೆ ಮೂವರೂ ರಾಶಿಯ ಮುಂದೆ ನಿಂತರು. ಗಿರಾಕಿಗಳನ್ನೇ ಕೇಳೋಣವೆಂದರೆ, ತಮ್ಮ ಬಟ್ಟೆಗೆ ಒಂದು ಗುರುತಿದೆ ಎನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಕಾಲರಿನ ಒಳಗಡೆ ಯಾರು ನೋಡಿಕೊಳ್ಳುತ್ತಾರೆ?

ತಂಗಿ ಪ್ರತಿದಿನ ಹೋಟೆಲಿನಿಂದ ಸುದ್ದಿ ಹೊತ್ತು ತರುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಮ್ಮ ಅಡಿಗೆಯವನಿಗೆ ಯಾರದೋ ನರ್ಸ್ ಕೋಟು ಬಂದಿದೆ ಕಣೇ! ಸೊಂಟದ ತನಕ ಬರಲ್ಲ, ಅದನ್ನೇ ಹಾಕ್ಕೊಂಡು ಒಲೆ ಮುಂದೆ ನಿಂತಿದ್ದಾನೆ!" ಎರಡನೇ ದಿನ ಹೆಡ್‌ಮೇಷ್ಟರು ಕಟುಕನ ಅಂಗಿ ತೊಟ್ಟು ಪ್ರಾರ್ಥನೆಗೆ ನಿಂತಿದ್ದರಂತೆ, ತೋಳಿನಲ್ಲಿ ತೊಳೆದರೂ ಹೋಗದ ಕಲೆ. ಮೂರನೇ ದಿನ ಅಂಗಡಿಯ ಮುಂದೆ ಇಬ್ಬರು ಒಂದೇ ಬಿಳಿ ಪ್ಯಾಂಟಿನ ಎರಡು ಕಾಲು ಹಿಡಿದು ಜಗ್ಗಾಡಿದರಂತೆ.

ಇವಳಿಗೆ ನಗು ಬರಲಿಲ್ಲ. ಗಂಡನ ಮರ್ಯಾದೆ ಹೋದರೆ ಹೋಗಲಿ, ಹಾಳಾಗಲಿ. ನಾನ್ನೂರು ಮನೆಯವರ ನಂಬಿಕೆ ಅತ್ತೆಯದು, ತನ್ನದು. ಅದು ಬೀದಿಯಲ್ಲಿ ಬಿದ್ದು ಒದ್ದಾಡುತ್ತಿತ್ತು. ಕೋಪ ಇನ್ನೂ ಹೆಚ್ಚಾಯಿತು. ತನ್ನ ಕೆಲಸ ಇದೆ ಎಂದು ತೋರಿಸಲು ಅದು ಕೆಡಬೇಕಾಯಿತಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಗಂಡ ತಂಗಿಯ ಮನೆ ಓಣಿಗೆ ಬಂದ. ಒಬ್ಬನೇ ಅಲ್ಲ. ಹಿಂದೆ ನರ್ಸಮ್ಮ, ಹೆಡ್‌ಮೇಷ್ಟರು, ಇನ್ನೂ ಐದಾರು ಜನ. ಅವನು ಕರೆತಂದದ್ದಲ್ಲ, ಅವರೇ ಅವನನ್ನು ನೂಕಿಕೊಂಡು ಬಂದಂತಿತ್ತು.

"ಲೇ, ಬಾರೇ ಹೊರಗೆ. ಸಾಕು ನಿನ್ನ ನಾಟಕ. ಬಂದು ಬಟ್ಟೆ ವಿಂಗಡಿಸಿಕೊಡು."

ಅವಳು ಬಾಗಿಲು ಅರ್ಧ ತೆರೆದು ನಿಂತಳು. "ನಂಗೆ ಯಾವ ಕಸುಬೂ ಗೊತ್ತಿಲ್ಲ. ಕಾಗದದಲ್ಲಿ ನೀನೇ ಬರೆಸಿದ್ದೀಯಲ್ಲ."

"ಅದು ಕೋರ್ಟಿನ ಮಾತು. ಇದು ಅಂಗಡಿ ಮಾತು. ಜನ ನನ್ನ ಮುಖಕ್ಕೆ ಉಗೀತಿದ್ದಾರೆ!"

"ಏನಿದ್ರೂ ಬರೆದುಕೊಡು ಅಂದಿದ್ದಾರೆ ವಕೀಲಮ್ಮ."

"ಬರೆದುಕೊಡಬೇಕಂತೆ! ದೊಡ್ಡ ಆಫೀಸರು ಇವಳು, ಅರ್ಜಿ ಹಾಕಬೇಕು!"

"ಬರೆದುಕೊಟ್ಟು ಸಾಯಯ್ಯಾ!" ಎಂದು ಹಿಂದಿನಿಂದ ನರ್ಸಮ್ಮ ಕೂಗಿದರು. "ನಂಗೆ ಡ್ಯೂಟಿಗೆ ಹೊತ್ತಾಗ್ತಿದೆ. ನಾಲ್ಕು ದಿನದಿಂದ ಒಂದೇ ಯೂನಿಫಾರ್ಮ್‌ನಲ್ಲಿದ್ದೀನಿ!"

ಅವನು ಕಿವಿಯ ಮೇಲಿನ ಪೆನ್ನು ಎಳೆದ. ಜೇಬಿನ ಬಿಲ್ಲು ಪುಸ್ತಕ ತೆಗೆದು, ಒಂದು ಹಾಳೆಯ ಬೆನ್ನು ತಿರುಗಿಸಿ ಗೋಡೆಗೆ ಒತ್ತಿ, ಬಾಯಲ್ಲಿ ಹೇಳಿಕೊಳ್ಳುತ್ತ ರಭಸದಿಂದ ಗೀಚಿದ. ಸಿಟ್ಟಿನಲ್ಲಿದ್ದವನಿಗೆ ತಾನೇನು ಬರೆಯುತ್ತಿದ್ದೇನೆ ಎನ್ನುವ ಎಚ್ಚರ ಇರಲಿಲ್ಲ. ಎದುರಿಗಿದ್ದವಳು ಸೋಡಾ ನೀರಿನಲ್ಲಿ ಕೈ ಅದ್ದುವ ಹೆಂಗಸು ತಾನೇ. ಅವಳ ಕೈಗೆ ಬಂದ ಕಾಗದ ಒಣಗಿ ವಾಪಸ್ಸು ಬರುತ್ತದೆ ಎಂದೇ ಅವನಿಗೆ ಅಭ್ಯಾಸ.

"ತಗೋ!"

"ಸಹಿ ಎಲ್ಲಯ್ಯ?" ಎಂದರು ಹೆಡ್‌ಮೇಷ್ಟರು, ಅವನ ಭುಜದ ಮೇಲಿನಿಂದ ಬಗ್ಗಿ ನೋಡಿ. ಮೂವತ್ತು ವರ್ಷ ರಜಾಚೀಟಿ ತಿದ್ದಿದ ಅಭ್ಯಾಸ ಅವರದು. "ತಾರೀಖು ಎಲ್ಲಿ? ತಾರೀಖಿಲ್ಲದ ಕಾಗದ ಕಾಗದವೇ ಅಲ್ಲ."

ಅವನು ಹಲ್ಲು ಕಡಿಯುತ್ತ ಸಹಿ ಹಾಕಿದ, ತಾರೀಖು ಹಾಕಿದ, ಅವಳ ಕೈಗೆ ಒತ್ತಿದ. ಅವಳು ಬಾಗಿಲಲ್ಲೇ ನಿಂತು ಒಂದೊಂದೇ ಅಕ್ಷರ ಓದಿದಳು. ಈ ಸಲ ಓದಿದಳು. "ಕೂಡಲೇ ಬಂದು ಬಟ್ಟೆ ವಿಂಗಡಿಸಿ ಕೊಡು. ಗುರುತು ನಿನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಒಗೆದು ಗುರುತು ಹಾಕಿದವಳು ನೀನು, ಈಗ ಜನರ ಮುಂದೆ ನನ್ನ ಮಾನ ಕಳೆಯಬೇಡ."

ಅವಳು ಮುಖದಲ್ಲಿ ಏನೂ ತೋರಿಸಲಿಲ್ಲ. ಚೀಟಿಯನ್ನು ಮಡಿಸಿ ಕೈಚೀಲದೊಳಗೆ ಹಾಕಿ, ಚೀಲವನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿದಳು.

"ನಡೀರಿ," ಎಂದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ರಾಶಿ ಅವಳ ಎದೆಯೆತ್ತರ ಬಿದ್ದಿತ್ತು. ಎಷ್ಟೋ ಬಟ್ಟೆ ಸರಿಯಾಗಿ ಹಿಂಡಿರಲಿಲ್ಲ, ಮುಗ್ಗಲು ವಾಸನೆ. ನೀಲಿ ಎಲ್ಲೋ ಹೆಚ್ಚಾಗಿ ಎಲ್ಲೋ ಇಲ್ಲದೆ ಕಲೆಕಲೆ. ಅವಳು ನೆಲದ ಮೇಲೆ ಕುಳಿತಳು. ಒಂದೊಂದನ್ನೇ ಎಳೆದು, ಹೆಬ್ಬೆರಳಿನಿಂದ ಕಾಲರ್ ಮಗುಚಿ, ಒಮ್ಮೆ ನೋಡಿ, ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಎಸೆಯತೊಡಗಿದಳು. "ನರ್ಸಮ್ಮ. ಮೇಷ್ಟ್ರು. ಮೇಷ್ಟ್ರ ಮಗಳು. ಅಡಿಗೆಯವನು. ಔಷಧಿ ಅಂಗಡಿ. ನರ್ಸಮ್ಮ. ಬಸ್ ಡ್ರೈವರು. ಅವರಣ್ಣ." ನಿಲ್ಲಲಿಲ್ಲ, ತಡವರಿಸಲಿಲ್ಲ. ಜನ ಕೌಂಟರು ದಾಟಿ ಒಳಗೆ ಬಂದು ಬಾಗಿಲಲ್ಲಿ ನಿಂತರು. ಇಷ್ಟು ವರ್ಷ ಆ ಕೌಂಟರಿನಿಂದ ಈಚೆ ಯಾರೂ ಬಂದಿರಲಿಲ್ಲ. ಹಂಡೆಯನ್ನು ನೋಡಿದರು, ಹೊಗೆ ಹಿಡಿದ ಗೋಡೆಯನ್ನು ನೋಡಿದರು, ಅವಳು ಕುಳಿತು ಕುಳಿತು ನುಣುಪಾದ ಕಲ್ಲುಚಪ್ಪಡಿಯನ್ನು ನೋಡಿದರು. ಹೆಡ್‌ಮೇಷ್ಟರು ಮೆಲ್ಲಗೆ ತಮ್ಮ ಕಾಲರ್ ತಿರುಗಿಸಿ ಒಳಗೆ ನೋಡಿಕೊಂಡರು.

ಮೂರು ಗಂಟೆ ಹೊತ್ತು ಹಿಡಿಯಿತು. ಸೊಂಟ ಹಿಡಿದುಕೊಂಡಿತು, ಮೊಣಕಾಲು ಸೆಟೆದುಕೊಂಡವು. ಸುತ್ತಲೂ ಗಂಟುಗಳಾದವು. ಜನ ತಮ್ಮ ತಮ್ಮ ಗಂಟು ಎತ್ತಿಕೊಂಡರು. "ಅಕ್ಕಾ, ಕೋರ್ಟಿಗೆ ಬಂದು ಹೇಳು ಅಂದ್ರೆ ಹೇಳ್ತೀನಿ," ಎಂದರು ನರ್ಸಮ್ಮ, ಗಂಡನಿಗೂ ಕೇಳಿಸುವ ಹಾಗೆ.

ಆಗ ಗಂಡನಿಗೆ ಬುದ್ಧಿ ಬಂತು. ಮುಖದ ಬಣ್ಣ ಇಳಿಯಿತು. ಹತ್ತಿರ ಬಂದು ಕೈ ಚಾಚಿದ.

"ಕೆಲಸ ಆಯ್ತಲ್ಲ. ಆ ಚೀಟಿ ಕೊಡು."

ಅವಳು ಗೋಡೆ ಹಿಡಿದು ಎದ್ದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

"ಕೊಡೇ. ನನ್ನ ಕಾಗದ ಅದು."

"ಜೇಬಲ್ಲಿ ಸಿಕ್ಕಿದ್ದರೆ ಕೊಡ್ತಿದ್ದೆ," ಎಂದಳು. "ಅವತ್ತು ಕೊಟ್ಟೆನಲ್ಲ, ಇಸ್ತ್ರಿ ಮಾಡಿ. ಇದನ್ನ ನೀನು ನನ್ನ ಕೈಗೆ ಕೊಟ್ಟಿದ್ದು. ಕೈಗೆ ಕೊಟ್ಟಿದ್ದು ಕೈಯವರದ್ದು."

ಅವನು ಮುಂದಕ್ಕೆ ಬಂದ. ಬಸ್ ಡ್ರೈವರು ತನ್ನ ಗಂಟನ್ನು ಕೆಳಗಿಟ್ಟು ನಡುವೆ ನಿಂತ. ಗಂಡ ಇಂಗು ತಿಂದ ಮಂಗನಂತೆ ಅತ್ತ ಇತ್ತ ನೋಡಿದ. ಕಣ್ಣು ಮೂಲೆಗೆ ಹೋಯಿತು. ಅಲ್ಲಿ ನೆಲದ ಮೇಲೆ ಒಂದು ಕರಿಕೋಟು ಬಿದ್ದಿತ್ತು. ಯಾವ ಗಂಟಿಗೂ ಸೇರಿರಲಿಲ್ಲ.

"ಇದೊಂದು ಬಿಟ್ಟಿದ್ದೀಯಲ್ಲ," ಎಂದ, ಮಾತಿಗೆ ಏನಾದರೂ ಸಿಕ್ಕಿತಲ್ಲ ಎನ್ನುವಂತೆ. "ಯಾರದ್ದಿದು? ಕರಿಕೋಟು ಇಲ್ಲಿ ಹತ್ತು ಜನ ವಕೀಲರು ಕೊಡ್ತಾರೆ. ನಾಳೆ ಬೆಳಗ್ಗೆ ಕೋರ್ಟಿಗೆ ಬೇಕು ಅಂತ ನಮ್ಮ ವಕೀಲರು ಹೇಳಿಕಳಿಸಿದ್ದಾರೆ. ಇದು ಅವರದ್ದೇನಾ? ನೋಡಿ ಹೇಳು."

ಅವಳು ಹಿತ್ತಲ ಬಾಗಿಲ ತನಕ ಹೋಗಿದ್ದಳು. ತಿರುಗಿ ನೋಡಿದಳು. ಕಾಲರಿನ ಒಳಗೆ ಮೂರು ಚುಕ್ಕೆ, ಒಂದು ಗೀಟು ಇರುವುದು ಅವಳಿಗೆ ಗೊತ್ತಿತ್ತು.

"ಅದನ್ನ ನಾನು ಮುಟ್ಟಲ್ಲ," ಎಂದಳು. "ಮುಟ್ಟಬೇಡ ಅಂತ ಅವರೇ ಹೇಳಿದ್ದಾರೆ."

ಕೈಚೀಲ ಹಿಡಿದುಕೊಂಡು ಬೀದಿಗಿಳಿದು, ವಕೀಲಮ್ಮನ ಆಫೀಸಿದ್ದ ಝೆರಾಕ್ಸ್ ಅಂಗಡಿಯ ಕಡೆ ನಡೆದಳು.